ಸಹಾಯಧನಗಳ ಪರಿಷ್ಕರಣೆ ಮತ್ತು ಗೃಹಬಳಕೆ ವಿದ್ಯುತ್ ಹಾಗೂ ಅಡುಗೆ ಅನಿಲ ಬಿಲ್ಲುಗಳು: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಗೃಹಬಳಕೆದಾರರು ವಿದ್ಯುತ್ ಬಿಲ್ಲು ಹಾಗೂ ಅಡುಗೆ ಅನಿಲ ಸಿಲಿಂಡರಿನ ವೆಚ್ಚದ ಬಗ್ಗೆ ಕಛೇರಿಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಕಳೆದ ತಿಂಗಳು ಶೂನ್ಯವಿದ್ದ ಬಿಲ್ಲು ಈ ತಿಂಗಳು ಸಾವಿರ ರೂಪಾಯಿ ದಾಟಿದ್ದು ಏಕೆ ಎಂಬುದು ಮೊದಲನೆಯದು. ಸಿಲಿಂಡರಿನ ಸಹಾಯಧನ ಬ್ಯಾಂಕ್ ಖಾತೆಗೆ ಜಮೆಯಾಗುವುದು ನಿಂತಿದ್ದು ಏಕೆ ಎಂಬುದು ಎರಡನೆಯದು. ಸಹಾಯಧನ ನೀಡುವ ಕ್ರಮದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ತಿಳಿದರೆ ಈ ಎರಡೂ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಸದರಿ ಬದಲಾವಣೆಗಳು, ಬಿಲ್ಲನ್ನು ಓದುವ ಕ್ರಮ, ಈಗಲೂ ಲಭ್ಯವಿರುವ ಸೌಲಭ್ಯಗಳು, ಅರ್ಜಿ ಸಲ್ಲಿಸುವ ವಿಧಾನ ಹಾಗೂ ದೂರು ನೀಡುವ ಹಂತಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ. ಇಲ್ಲಿ ನಮೂದಿಸಿರುವ ದರಗಳು ಅವುಗಳ ಎದುರಿಗೆ ತೋರಿಸಿದ ಸಾಲಿಗೆ ಸಂಬಂಧಪಟ್ಟವು. ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಚಾಲ್ತಿ ಸಾಲಿನ ದರವನ್ನು ಬಿಲ್ಲಿನಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

1. ವಿದ್ಯುತ್ ದರವನ್ನು ನಿಗದಿಪಡಿಸುವವರು ಯಾರು?

ನಾಲ್ಕೂ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವ ಸಂಸ್ಥೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ (ಹೆಸ್ಕಾಂ). ಈ ಕಂಪನಿಯು 2002ರ ಜೂನ್ 1ರಿಂದ ಕಾರ್ಯನಿರ್ವಹಿಸುತ್ತಿದ್ದು, ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ವಿಜಯಪುರ ಹಾಗೂ ಬಾಗಲಕೋಟೆ ಜಿಲ್ಲೆಗಳು ಇದರ ವ್ಯಾಪ್ತಿಗೆ ಬರುತ್ತವೆ.

ಗ್ರಾಹಕರು ಪಾವತಿಸಬೇಕಾದ ದರವನ್ನು ಹೆಸ್ಕಾಂ ಸ್ವತಃ ನಿಗದಿಪಡಿಸುವುದಿಲ್ಲ. ವಿದ್ಯುತ್ ಕಾಯ್ದೆ, 2003ರ ಕಲಂ 62 ಮತ್ತು 64ರ ಪ್ರಕಾರ ಕಂಪನಿಯು ಅರ್ಜಿ ಸಲ್ಲಿಸಿದ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಆಲಿಸಿ ದರ ಆದೇಶ ಹೊರಡಿಸುತ್ತದೆ. ರಾಜ್ಯ ಸರ್ಕಾರವು ಯಾವುದೇ ವರ್ಗದ ಗ್ರಾಹಕರಿಗೆ ಅದಕ್ಕಿಂತ ಕಡಿಮೆ ದರದಲ್ಲಿ ಅಥವಾ ಉಚಿತವಾಗಿ ವಿದ್ಯುತ್ ಕೊಡಬಯಸಿದಲ್ಲಿ, ಅದೇ ಕಾಯ್ದೆಯ ಕಲಂ 65ರಂತೆ ಸಹಾಯಧನದ ಮೊತ್ತವನ್ನು ಕಂಪನಿಗೆ ಮುಂಗಡವಾಗಿ ಪಾವತಿಸಬೇಕು. ಆದ್ದರಿಂದ "ಉಚಿತ" ಎಂದು ಬಿಲ್ಲಿನಲ್ಲಿ ಕಾಣುವ ಯೂನಿಟ್‌ಗೂ ಒಂದು ದರವಿರುತ್ತದೆ. ಗ್ರಾಹಕರ ಬದಲು ಸರ್ಕಾರ ಅದನ್ನು ಭರಿಸುತ್ತದೆ.

2. ಸಹಾಯಧನದ ಎರಡು ಬಗೆಗಳು

ಬಿಲ್ಲಿನ ಏರಿಳಿತವನ್ನು ಅರಿಯಲು ಈ ಎರಡರ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ.

(ಅ) ನೇರ ಸಹಾಯಧನ: ರಾಜ್ಯ ಅಥವಾ ಕೇಂದ್ರ ಸರ್ಕಾರವು ಆಯವ್ಯಯದಿಂದ ಭರಿಸುವ ಮೊತ್ತ. ಗೃಹಜ್ಯೋತಿ ಯೋಜನೆ, 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಹಾಗೂ ಉಜ್ವಲಾ ಫಲಾನುಭವಿಗಳ ಸಿಲಿಂಡರ್ ಸಹಾಯಧನ ಈ ಬಗೆಗೆ ಸೇರುತ್ತವೆ.

(ಆ) ಅಡ್ಡ ಸಹಾಯಧನ: ಒಂದು ವರ್ಗದ ಗ್ರಾಹಕರಿಂದ ಪೂರೈಕೆ ವೆಚ್ಚಕ್ಕಿಂತ ಹೆಚ್ಚು ದರ ಪಡೆದು, ಇನ್ನೊಂದು ವರ್ಗದ ದರವನ್ನು ತಗ್ಗಿಸುವ ಕ್ರಮ. ದೀರ್ಘಕಾಲ ಕೈಗಾರಿಕೆ ಮತ್ತು ವಾಣಿಜ್ಯ ಗ್ರಾಹಕರು ಕೊಟ್ಟ ಹೆಚ್ಚುವರಿ ದರದಿಂದ ಗೃಹಬಳಕೆಯ ದರ ಕಡಿಮೆಯಾಗಿ ಉಳಿದಿತ್ತು. ಈ ಹೊರೆಯನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆಂದು 2003ರ ಕಾಯ್ದೆ ತಿಳಿಸುತ್ತದೆ. ದರಗಳು ಸರಾಸರಿ ಪೂರೈಕೆ ವೆಚ್ಚದ ಶೇ. 20ರಷ್ಟು ಹೆಚ್ಚು ಅಥವಾ ಕಡಿಮೆಯ ಮಿತಿಯೊಳಗೆ ಇರಬೇಕೆಂದು 2016ರ ರಾಷ್ಟ್ರೀಯ ದರ ನೀತಿಯೂ ಸೂಚಿಸುತ್ತದೆ. ಅಡ್ಡ ಸಹಾಯಧನ ಕಡಿಮೆಯಾದಷ್ಟೂ ಗೃಹಬಳಕೆಯ ದರವು ನಿಜವಾದ ವೆಚ್ಚಕ್ಕೆ ಹತ್ತಿರವಾಗುತ್ತದೆ.

3. ಗೃಹಬಳಕೆ ವಿದ್ಯುತ್ ದರದಲ್ಲಿ ಆದ ಮುಖ್ಯ ಬದಲಾವಣೆಗಳು

- 2023-24: ಆಯೋಗವು 2023ರ ಮೇ 12ರಂದು ಹೊರಡಿಸಿದ ಆದೇಶದಲ್ಲಿ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಗೆ ಅನುಮತಿ ನೀಡಿತು. ಆದೇಶವು 2023ರ ಏಪ್ರಿಲ್ 1ರಿಂದಲೇ ಅನ್ವಯವಾದ ಕಾರಣ ಹಿಂದಿನ ಅವಧಿಯ ವ್ಯತ್ಯಾಸದ ಮೊತ್ತವೂ ಮುಂದಿನ ಬಿಲ್ಲಿನಲ್ಲಿ ಸೇರಿತು. 100 ಯೂನಿಟ್‌ವರೆಗಿನ ಬಳಕೆಗೆ ಪ್ರತಿ ಯೂನಿಟ್‌ಗೆ 4.75 ರೂ. ಮತ್ತು 100 ಯೂನಿಟ್ ಮೀರಿದಲ್ಲಿ ಎಲ್ಲ ಯೂನಿಟ್‌ಗಳಿಗೂ 7 ರೂ. ನಿಗದಿಯಾಯಿತು. ಇದರಿಂದ 100 ಯೂನಿಟ್‌ಗೆ 475 ರೂ. ಇದ್ದ ಬಳಕೆ ಶುಲ್ಕ 101 ಯೂನಿಟ್‌ಗೆ 707 ರೂ. ಆಯಿತು.

- 2024-25: ಹಂತಗಳನ್ನು ರದ್ದುಪಡಿಸಿ, ಗೃಹಬಳಕೆಯ ಎಲ್ಲ ಯೂನಿಟ್‌ಗಳಿಗೆ 5.90 ರೂ. ಏಕರೂಪ ದರವನ್ನು ನಿಗದಿಪಡಿಸಲಾಯಿತು. ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ 120 ರೂ. ಇತ್ತು.

- 2025-26: ಬಳಕೆ ಶುಲ್ಕವು ಯೂನಿಟ್‌ಗೆ 10 ಪೈಸೆ ಇಳಿದು 5.80 ರೂ. ಆಯಿತು. ನಿಗದಿತ ಶುಲ್ಕವು ಪ್ರತಿ ಕಿಲೋವ್ಯಾಟ್‌ಗೆ 145 ರೂ. ಗಳಿಗೆ ಏರಿತು. ಇದರೊಂದಿಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಉಪದಾನದ ವಂತಿಗೆಗಾಗಿ ಪ್ರತಿ ಯೂನಿಟ್‌ಗೆ 36 ಪೈಸೆ ಮೇಲ್ತೆರಿಗೆಯನ್ನು ವಿಧಿಸಲಾಯಿತು. 2026-27ಕ್ಕೆ 35 ಪೈಸೆ ಮತ್ತು 2027-28ಕ್ಕೆ 34 ಪೈಸೆ ಎಂದು ಅದೇ ಆದೇಶದಲ್ಲಿ ತಿಳಿಸಲಾಗಿದೆ.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪಿಂಚಣಿ ವಂತಿಗೆಯಲ್ಲಿ ಹಿಂದೆ ಸರ್ಕಾರ ಭರಿಸುತ್ತಿದ್ದ ಪಾಲು ದರದ ಮೂಲಕ ಗ್ರಾಹಕರಿಂದ ವಸೂಲಾಗುವಂತಾಯಿತು. ಯೂನಿಟ್ ದರ ಇಳಿದಿದೆ ಎಂಬ ಸುದ್ದಿ ಕೇಳಿದ ಗ್ರಾಹಕರ ಬಿಲ್ಲು ಇಳಿಯದೆ ಏರಿದ್ದಕ್ಕೆ ಈ ಮೇಲ್ತೆರಿಗೆ ಮತ್ತು ನಿಗದಿತ ಶುಲ್ಕದ ಹೆಚ್ಚಳ ಕಾರಣ.

4. ಬಿಲ್ಲಿನಲ್ಲಿರುವ ಬಾಬುಗಳು

- ನಿಗದಿತ ಶುಲ್ಕ: ಮಂಜೂರಾದ ಹೊರೆಗೆ (ಕಿಲೋವ್ಯಾಟ್) ಅನುಗುಣವಾಗಿ ಲೆಕ್ಕ ಹಾಕುವ ಮೊತ್ತ. ಬಳಕೆ ಕಡಿಮೆಯಾದರೂ ಇದು ಕಡಿಮೆಯಾಗುವುದಿಲ್ಲ.
- ಬಳಕೆ ಶುಲ್ಕ: ಬಳಸಿದ ಯೂನಿಟ್‌ಗಳನ್ನು ಯೂನಿಟ್ ದರದಿಂದ ಗುಣಿಸಿದ ಮೊತ್ತ.
- ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ: ಕಲ್ಲಿದ್ದಲು ಹಾಗೂ ವಿದ್ಯುತ್ ಖರೀದಿಯ ವೆಚ್ಚದಲ್ಲಾಗುವ ಏರಿಳಿತಕ್ಕೆ ತಕ್ಕಂತೆ ತಿಂಗಳಿನಿಂದ ತಿಂಗಳಿಗೆ ಬದಲಾಗುವ ಮೊತ್ತ.
- ಪಿಂಚಣಿ ಮತ್ತು ಉಪದಾನ ಮೇಲ್ತೆರಿಗೆ: ಕಂಡಿಕೆ 3ರಲ್ಲಿ ತಿಳಿಸಿದಂತೆ.
- ವಿದ್ಯುತ್ ತೆರಿಗೆ: ರಾಜ್ಯ ಸರ್ಕಾರಕ್ಕೆ ಸಲ್ಲುವ ತೆರಿಗೆ. 2025-26ರಲ್ಲಿ ಬಳಕೆ ಶುಲ್ಕದ ಶೇ. 9.
- ಬಾಕಿ ಮತ್ತು ಬಡ್ಡಿ: ಹಿಂದಿನ ತಿಂಗಳುಗಳ ಪಾವತಿಯಾಗದ ಮೊತ್ತ.

ಬಿಲ್ಲು ಕೈಗೆ ಬಂದ ಕೂಡಲೇ ಮೂರು ವಿವರಗಳನ್ನು ನೋಡಬೇಕು. ಹಿಂದಿನ ಮತ್ತು ಇಂದಿನ ಮಾಪಕ ಓದುವಿಕೆ, ಆ ಎರಡು ಓದುವಿಕೆಗಳ ನಡುವಿನ ದಿನಗಳು ಹಾಗೂ ಮಂಜೂರಾದ ಹೊರೆ. ಮನೆಗೆ ಬೀಗವಿದ್ದು ಓದುವಿಕೆ ಆಗದಿದ್ದಲ್ಲಿ ಸರಾಸರಿ ಬಿಲ್ಲು ಬರುವ ಸಂಭವವಿರುತ್ತದೆ. ಕಬ್ಬು ಕಟಾವಿಗೆ ಅಥವಾ ದುಡಿಮೆಗಾಗಿ ಕುಟುಂಬ ಸಮೇತ ಊರು ಬಿಡುವವರು ಈ ಅಂಶವನ್ನು ಮರಳಿದ ಕೂಡಲೇ ಪರಿಶೀಲಿಸುವುದು ಒಳಿತು.

5. ಗೃಹಜ್ಯೋತಿ ಯೋಜನೆ

2023ರ ಜುಲೈ 1ರ ನಂತರದ ಬಳಕೆಗೆ ಅನ್ವಯವಾಗುವಂತೆ ರಾಜ್ಯ ಸರ್ಕಾರವು ಈ ಯೋಜನೆಯನ್ನು ಜಾರಿಗೆ ತಂದಿದ್ದು, ಆಗಸ್ಟ್ 2023ರಿಂದ ಬಿಲ್ಲುಗಳಲ್ಲಿ ಇದರ ಲಾಭ ದೊರೆಯಿತು. ಹಿಂದಿನ ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಮತ್ತು ಅಮೃತ ಜ್ಯೋತಿ ಯೋಜನೆಗಳ ಫಲಾನುಭವಿಗಳನ್ನು ಇದರಲ್ಲಿಯೇ ವಿಲೀನಗೊಳಿಸಲಾಗಿದೆ.

ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ತಿಳುವಳಿಕೆ ಸರಿಯಲ್ಲ. ಪ್ರತಿ ಮನೆಗೂ ಬೇರೆ ಬೇರೆ ಅರ್ಹ ಮಿತಿ ಇರುತ್ತದೆ. 200 ಯೂನಿಟ್ ಎಂಬುದು ಎಲ್ಲರಿಗೂ ಅನ್ವಯಿಸುವ ಗರಿಷ್ಠ ಗಡಿ.

ಅರ್ಹ ಮಿತಿಯನ್ನು ಲೆಕ್ಕ ಹಾಕುವ ಕ್ರಮ:
- 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆ ಮತ್ತು ಅದರ ಶೇ. 10.
- ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇದ್ದಲ್ಲಿ, 2024ರ ಜನವರಿಯಲ್ಲಿ ಸಚಿವ ಸಂಪುಟ ತೆಗೆದುಕೊಂಡ ನಿರ್ಣಯದಂತೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ. ಉದಾಹರಣೆಗೆ ಸರಾಸರಿ 30 ಯೂನಿಟ್ ಇದ್ದ ಮನೆಗೆ ಮೊದಲು 33 ಯೂನಿಟ್ ಇದ್ದ ಮಿತಿ ನಂತರ 40 ಯೂನಿಟ್ ಆಯಿತು.
- 2022-23ರ ಬಳಕೆಯ ದಾಖಲೆ ಇಲ್ಲದ ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಮತ್ತು ಅದರ ಶೇ. 10, ಅಂದರೆ 58 ಯೂನಿಟ್.

ಬಿಲ್ಲು ಸಿದ್ಧವಾಗುವ ಕ್ರಮ:
- ಬಳಕೆ ಅರ್ಹ ಮಿತಿಯೊಳಗಿದ್ದರೆ ಶೂನ್ಯ ಬಿಲ್ಲು.
- ಅರ್ಹ ಮಿತಿ ಮೀರಿ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಸಂಬಂಧಿಸಿದ ಮೊತ್ತ.
- 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲು.

ಉದಾಹರಣೆ: ಮುಧೋಳ ಪಟ್ಟಣದ ಒಂದು ಮನೆಯ ಮಂಜೂರಾದ ಹೊರೆ 2 ಕಿಲೋವ್ಯಾಟ್, 2022-23ರ ಸರಾಸರಿ ಬಳಕೆ 120 ಯೂನಿಟ್ ಎಂದು ಭಾವಿಸೋಣ. ಅರ್ಹ ಮಿತಿ 132 ಯೂನಿಟ್ ಆಗುತ್ತದೆ. 2025-26ರ ದರದಂತೆ,
- 130 ಯೂನಿಟ್ ಬಳಸಿದ ತಿಂಗಳು: ಶೂನ್ಯ ಬಿಲ್ಲು.
- 160 ಯೂನಿಟ್ ಬಳಸಿದ ತಿಂಗಳು: ಹೆಚ್ಚುವರಿ 28 ಯೂನಿಟ್‌ಗಳ ಬಳಕೆ ಶುಲ್ಕ 162.40 ರೂ.
- 199 ಯೂನಿಟ್ ಬಳಸಿದ ತಿಂಗಳು: ಹೆಚ್ಚುವರಿ 67 ಯೂನಿಟ್‌ಗಳ ಬಳಕೆ ಶುಲ್ಕ 388.60 ರೂ.
- 201 ಯೂನಿಟ್ ಬಳಸಿದ ತಿಂಗಳು: ಎಲ್ಲ 201 ಯೂನಿಟ್‌ಗಳ ಬಳಕೆ ಶುಲ್ಕ 1,165.80 ರೂ., ನಿಗದಿತ ಶುಲ್ಕ 290 ರೂ., ಮೇಲ್ತೆರಿಗೆ 72.36 ರೂ., ತೆರಿಗೆ 104.92 ರೂ., ಒಟ್ಟು 1,633.08 ರೂ. ಹೊಂದಾಣಿಕೆ ಶುಲ್ಕವಿದ್ದಲ್ಲಿ ಅದು ಪ್ರತ್ಯೇಕ.

199 ಮತ್ತು 201 ಯೂನಿಟ್‌ಗಳ ನಡುವೆ ಬಳಕೆಯ ವ್ಯತ್ಯಾಸ ಎರಡೇ ಯೂನಿಟ್. ಬಳಕೆ ಶುಲ್ಕವೊಂದರಲ್ಲಿಯೇ 777 ರೂ. ಗೂ ಹೆಚ್ಚಿನ ವ್ಯತ್ಯಾಸ ಬೀಳುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ದಿಢೀರನೆ ಬಿಲ್ಲು ಬಂದಿದೆ ಎಂಬ ದೂರುಗಳಲ್ಲಿ ಈ ಅಂಶವನ್ನು ಮೊದಲು ಪರಿಶೀಲಿಸಬೇಕು.

ನೋಂದಣಿ: ಸೇವಾಸಿಂಧು ಜಾಲತಾಣದ ಮೂಲಕ ಅಥವಾ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ನೋಂದಾಯಿಸಬಹುದು. ಬಿಲ್ಲಿನಲ್ಲಿರುವ ಗ್ರಾಹಕರ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಅವಶ್ಯ. ಬಾಡಿಗೆದಾರರೂ ಅರ್ಹರು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಹಲವು ಸಂಪರ್ಕಗಳಿದ್ದರೆ ಒಂದಕ್ಕೆ ಮಾತ್ರ ಸೌಲಭ್ಯ ದೊರೆಯುತ್ತದೆ.

ಮನೆ ಬದಲಾಯಿಸಿದಾಗ: ಹಳೆಯ ಮನೆಯ ಸಂಪರ್ಕದಿಂದ ಆಧಾರ್ ಜೋಡಣೆಯನ್ನು ಬಿಡಿಸದೆ ಹೊಸ ಮನೆಗೆ ನೋಂದಾಯಿಸಲು ಬರುವುದಿಲ್ಲ. ಜೋಡಣೆ ಬಿಡಿಸುವ ಸೌಲಭ್ಯವನ್ನು 2024ರಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಒದಗಿಸಲಾಗಿದೆ. ಬಾಡಿಗೆ ಮನೆ ಖಾಲಿ ಮಾಡುವವರು ಇದನ್ನು ಮರೆಯಬಾರದು. ಹಾಗೆಯೇ ಹೊಸದಾಗಿ ಬಾಡಿಗೆಗೆ ಬರುವವರು ಹಿಂದಿನ ಬಾಡಿಗೆದಾರರ ಜೋಡಣೆ ತೆಗೆದುಹಾಕಲಾಗಿದೆಯೇ ಎಂದು ಮನೆ ಮಾಲೀಕರಲ್ಲಿ ವಿಚಾರಿಸತಕ್ಕದ್ದು.

6. ಈ ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಗಳು

(ಅ) ರಬಕವಿ-ಬನಹಟ್ಟಿ: ಮನೆಯಲ್ಲಿಯೇ ಮಗ್ಗ ಇರುವ ಕುಟುಂಬಗಳು

ರಬಕವಿ, ಬನಹಟ್ಟಿ ಮತ್ತು ಸುತ್ತಲಿನ ಊರುಗಳಲ್ಲಿ ನೇಕಾರ ಕುಟುಂಬಗಳು ವಾಸಿಸುವ ಮನೆಯಲ್ಲಿಯೇ ಮಗ್ಗಗಳನ್ನು ಹೊಂದಿರುವುದು ಸಾಮಾನ್ಯ. ಇಲ್ಲಿ ಯಾವ ಮಗ್ಗ ಯಾವ ಮಾಪಕದಲ್ಲಿ ನಡೆಯುತ್ತದೆ ಎಂಬುದು ಮಹತ್ವದ ವಿಷಯ.

ಮನೆಯ ಒಂದು ಭಾಗದಲ್ಲಿ ನಡೆಸುವ ಕೈಮಗ್ಗ ನೇಯ್ಗೆ ಮತ್ತು ಹೊಲಿಗೆ ಕೆಲಸವನ್ನು ಆಯೋಗದ ದರಪಟ್ಟಿಯು ಗೃಹಬಳಕೆ ವರ್ಗದಲ್ಲಿಯೇ ಪರಿಗಣಿಸುತ್ತದೆ. ವಿದ್ಯುತ್ ಮಗ್ಗಗಳು ಕೈಗಾರಿಕೆ ವರ್ಗಕ್ಕೆ ಸೇರುತ್ತವೆ. ಅವುಗಳಿಗೆ ಪ್ರತ್ಯೇಕ ಸಂಪರ್ಕ ಅಗತ್ಯ. ಗೃಹಬಳಕೆಯ ಮಾಪಕದಿಂದ ವಿದ್ಯುತ್ ಮಗ್ಗ ನಡೆಸಿದರೆ ಎರಡು ತೊಂದರೆಗಳು ಎದುರಾಗುತ್ತವೆ. ಮೊದಲನೆಯದಾಗಿ ಬಳಕೆ 200 ಯೂನಿಟ್ ದಾಟಿ ಆ ತಿಂಗಳ ಗೃಹಜ್ಯೋತಿ ಸೌಲಭ್ಯ ಪೂರ್ಣವಾಗಿ ಕೈತಪ್ಪುತ್ತದೆ. ಎರಡನೆಯದಾಗಿ ಅದು ಕಲಂ 126ರ ಅಡಿಯಲ್ಲಿ ಅನಧಿಕೃತ ಬಳಕೆ ಎನಿಸಿ, ಅನ್ವಯಿಸುವ ದರದ ಎರಡರಷ್ಟು ಮೊತ್ತವನ್ನು ವಿಧಿಸಲು ಅವಕಾಶವಾಗುತ್ತದೆ.

ವಿದ್ಯುತ್ ಮಗ್ಗದ ಪ್ರತ್ಯೇಕ ಸಂಪರ್ಕ ಹೊಂದಿದವರಿಗೆ ಪ್ರತ್ಯೇಕ ಸೌಲಭ್ಯವಿದೆ. 2023ರ ಜುಲೈನಲ್ಲಿ ಮಂಡಿಸಿದ ಆಯವ್ಯಯದಲ್ಲಿ 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುವುದಾಗಿ ಪ್ರಕಟಿಸಲಾಯಿತು. ಆದ್ದರಿಂದ ಮನೆಗೆ ಒಂದು, ಮಗ್ಗಕ್ಕೆ ಒಂದು ಸಂಪರ್ಕವಿದ್ದರೆ ಎರಡೂ ಸೌಲಭ್ಯಗಳು ತಮ್ಮ ತಮ್ಮ ಮಿತಿಯಲ್ಲಿ ಉಳಿಯುತ್ತವೆ. ವಿವರಗಳಿಗೆ ಕೈಮಗ್ಗ ಮತ್ತು ಜವಳಿ ಇಲಾಖೆಯ ಜಿಲ್ಲಾ ಕಛೇರಿಯನ್ನು ಸಂಪರ್ಕಿಸಬಹುದು.

(ಆ) ಜಮಖಂಡಿ ಮತ್ತು ಮುಧೋಳ: ತೋಟದ ಮನೆಗಳು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿ ಪ್ರದೇಶದಲ್ಲಿ ಅನೇಕ ರೈತ ಕುಟುಂಬಗಳು ಊರ ಹೊರಗೆ ತೋಟಗಳಲ್ಲಿಯೇ ವಾಸವಾಗಿವೆ. ಪಂಪ್‌ಸೆಟ್ ಸಂಪರ್ಕವು ಕೃಷಿ ವರ್ಗದ್ದಾಗಿದ್ದು, ಅದರ ಆಧಾರದ ಮೇಲೆ ಗೃಹಜ್ಯೋತಿಗೆ ನೋಂದಾಯಿಸಲು ಬರುವುದಿಲ್ಲ. ತೋಟದ ಮನೆಗೆ ಮಾಪಕ ಸಹಿತ ಗೃಹಬಳಕೆಯ ಸಂಪರ್ಕ ಪಡೆದವರು ಮಾತ್ರ ಯೋಜನೆಗೆ ಅರ್ಹರು. 1 ಅಶ್ವಶಕ್ತಿವರೆಗಿನ ಮೇವು ಕತ್ತರಿಸುವ ಯಂತ್ರ ಹಾಗೂ ಹಾಲು ಕರೆಯುವ ಯಂತ್ರವನ್ನು ಗೃಹಬಳಕೆಯ ಸಂಪರ್ಕದಲ್ಲಿಯೇ ಬಳಸಲು ದರಪಟ್ಟಿಯ ಷರತ್ತುಗಳಲ್ಲಿ ಅವಕಾಶವಿದೆ. ಅವುಗಳ ಬಳಕೆಯೂ ಮನೆಯ ಯೂನಿಟ್ ಲೆಕ್ಕಕ್ಕೆ ಸೇರುವುದನ್ನು ಗಮನದಲ್ಲಿಡಬೇಕು.

(ಇ) ಬೀಳಗಿ: ಪುನರ್ವಸತಿ ಕೇಂದ್ರಗಳು ಮತ್ತು ನದಿ ದಂಡೆಯ ಗ್ರಾಮಗಳು

ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಸ್ಥಳಾಂತರಗೊಂಡು ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿಕೊಂಡವರು ಹಳೆಯ ಗ್ರಾಮದ ಸಂಪರ್ಕವನ್ನು ವಿಧಿವತ್ತಾಗಿ ರದ್ದುಪಡಿಸಿಕೊಳ್ಳುವುದು ಒಳಿತು. ರದ್ದಾಗದ ಸಂಪರ್ಕದ ಮೇಲೆ ನಿಗದಿತ ಶುಲ್ಕ ಬಾಕಿಯಾಗಿ ಬೆಳೆಯುವ ಸಂಭವವಿದ್ದು, ಆಧಾರ್ ಜೋಡಣೆಯೂ ಅಲ್ಲಿಯೇ ಉಳಿದಿದ್ದಲ್ಲಿ ಹೊಸ ಮನೆಗೆ ಸೌಲಭ್ಯ ದೊರೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಬಂದಂತಹ ಪ್ರವಾಹದಲ್ಲಿ ಮಾಪಕ ಮುಳುಗಿದ ಸಂದರ್ಭದಲ್ಲಿ, ಅದನ್ನು ಪರೀಕ್ಷೆಗೆ ಒಳಪಡಿಸದೆ ಬಳಸಬಾರದು. ಮಾಪಕ ಕೆಟ್ಟ ದಿನಾಂಕವನ್ನು ಶಾಖಾ ಕಛೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು.

(ಈ) ಒಂದೇ ಮಾಪಕದ ಕೂಡು ಕುಟುಂಬಗಳು

ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಬೇರೆ ಬೇರೆ ಅಡುಗೆ ಮಾಡಿಕೊಂಡು, ಒಂದೇ ಮಾಪಕದಿಂದ ವಿದ್ಯುತ್ ಬಳಸುತ್ತಿದ್ದರೆ ಒಟ್ಟು ಬಳಕೆ 200 ಯೂನಿಟ್ ದಾಟುವ ಸಂಭವ ಹೆಚ್ಚು. ಪ್ರತ್ಯೇಕ ವಾಸದ ಭಾಗವಿದ್ದು, ಅದಕ್ಕೆ ದಾಖಲೆಗಳಿದ್ದಲ್ಲಿ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬಹುದು. ಸ್ಥಳ ಪರಿಶೀಲನೆಯ ನಂತರ ನಿಯಮಾನುಸಾರ ತೀರ್ಮಾನಿಸಲಾಗುವುದು. ಹೊಸ ಸಂಪರ್ಕಕ್ಕೆ ಆರಂಭದಲ್ಲಿ 58 ಯೂನಿಟ್ ಮಿತಿ ಇರುವುದರಿಂದ ಠೇವಣಿ ಹಾಗೂ ಇತರ ವೆಚ್ಚಗಳನ್ನು ಲೆಕ್ಕ ಹಾಕಿ ನಿರ್ಧರಿಸುವುದು ಸೂಕ್ತ.

7. ಅಡುಗೆ ಅನಿಲ ಸಹಾಯಧನ

ಸಿಲಿಂಡರಿನ ಸಹಾಯಧನವು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ವಿಷಯ. ಅದು ಕಡಿಮೆಯಾದ ಹಂತಗಳು ಹೀಗಿವೆ.

- 2012ರ ಸೆಪ್ಟೆಂಬರ್: ಸಹಾಯಧನದ ಸಿಲಿಂಡರುಗಳ ಸಂಖ್ಯೆಯನ್ನು ವರ್ಷಕ್ಕೆ 6ಕ್ಕೆ ಮಿತಿಗೊಳಿಸಲಾಯಿತು. 2013ರ ಜನವರಿಯಲ್ಲಿ ಇದು 9, 2014ರಲ್ಲಿ 12 ಆಯಿತು.
- 2015ರ ಜನವರಿ: ಸಹಾಯಧನವನ್ನು ಬ್ಯಾಂಕ್ ಖಾತೆಗೆ ಜಮೆ ಮಾಡುವ "ಪಹಲ್" ಯೋಜನೆ ದೇಶದಾದ್ಯಂತ ಜಾರಿಗೆ ಬಂದಿತು. ಅದೇ ವರ್ಷ ಸ್ವಇಚ್ಛೆಯಿಂದ ಸಹಾಯಧನ ಬಿಟ್ಟುಕೊಡುವ ಅಭಿಯಾನ ನಡೆಯಿತು.
- 2016ರ ಜನವರಿ: ವಾರ್ಷಿಕ 10 ಲಕ್ಷ ರೂ. ಗಿಂತ ಹೆಚ್ಚು ತೆರಿಗೆಯೋಗ್ಯ ಆದಾಯವುಳ್ಳವರನ್ನು ಕೈಬಿಡಲಾಯಿತು.
- 2020ರ ಮೇ: ಮಾರುಕಟ್ಟೆ ದರ ಇಳಿದ ಸಂದರ್ಭದಲ್ಲಿ ಸಾಮಾನ್ಯ ಗ್ರಾಹಕರ ಸಹಾಯಧನ ಶೂನ್ಯವಾಯಿತು. ದರ ಮತ್ತೆ ಏರಿದಾಗ ಅದು ಮೊದಲಿನಂತೆ ಪುನಃ ಆರಂಭವಾಗಲಿಲ್ಲ.
- 2022ರ ಮೇ: ಪ್ರಧಾನಮಂತ್ರಿ ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ಮಾತ್ರ ಪ್ರತಿ 14.2 ಕೆ.ಜಿ. ಸಿಲಿಂಡರಿಗೆ 200 ರೂ. ಸಹಾಯಧನ ಆರಂಭವಾಯಿತು. 2023ರ ಅಕ್ಟೋಬರ್‌ನಲ್ಲಿ ಇದು 300 ರೂ. ಆಯಿತು. 2025-26ನೇ ಸಾಲಿಗೆ ವರ್ಷಕ್ಕೆ 9 ಸಿಲಿಂಡರುಗಳ ಮಿತಿ ನಿಗದಿಯಾಯಿತು.

ಇದೇ ಅವಧಿಯಲ್ಲಿ ಎಲ್ಲ ಗ್ರಾಹಕರ ಸಿಲಿಂಡರ್ ದರವು 2023ರ ಆಗಸ್ಟ್‌ನಲ್ಲಿ 200 ರೂ. ಹಾಗೂ 2024ರ ಮಾರ್ಚ್‌ನಲ್ಲಿ 100 ರೂ. ಇಳಿದು, 2025ರ ಏಪ್ರಿಲ್‌ನಲ್ಲಿ 50 ರೂ. ಏರಿತು. ಸಾಗಾಣಿಕೆ ವೆಚ್ಚದಿಂದಾಗಿ ಊರಿನಿಂದ ಊರಿಗೆ ದರದಲ್ಲಿ ವ್ಯತ್ಯಾಸವಿರುತ್ತದೆ. ಪಾವತಿಸುವ ಮೊದಲು ರಸೀದಿಯಲ್ಲಿ ನಮೂದಾದ ಮೊತ್ತವನ್ನು ನೋಡಬೇಕು.

ಉಜ್ವಲಾ ಫಲಾನುಭವಿಯಾಗಿದ್ದೂ ಸಹಾಯಧನ ಜಮೆಯಾಗದಿದ್ದಲ್ಲಿ ಈ ಕೆಳಗಿನವುಗಳನ್ನು ಪರಿಶೀಲಿಸತಕ್ಕದ್ದು:
- ಆಧಾರ್ ಸಂಖ್ಯೆಯು ಬ್ಯಾಂಕ್ ಖಾತೆಗೂ ಅನಿಲ ಸಂಪರ್ಕಕ್ಕೂ ಜೋಡಣೆಯಾಗಿದೆಯೇ?
- ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಹಣ ಬೇರೆ ಖಾತೆಗೆ ಜಮೆಯಾಗಿದೆಯೇ?
- ವಿತರಕರ ಬಳಿ ಇ-ಕೆವೈಸಿ (ಬೆರಳಚ್ಚು ಅಥವಾ ಮುಖ ಗುರುತಿನ ದೃಢೀಕರಣ) ಪೂರ್ಣಗೊಂಡಿದೆಯೇ?
- ಫಲಾನುಭವಿ ಮಹಿಳೆ ಮರಣ ಹೊಂದಿದ್ದಲ್ಲಿ ಸಂಪರ್ಕದ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಲಾಗಿದೆಯೇ?

ಪಡಿತರ ಸೀಮೆಎಣ್ಣೆಯ ದರವನ್ನೂ 2016ರ ಜುಲೈನಿಂದ ಹಂತಹಂತವಾಗಿ ಏರಿಸಿ ಅದರ ಸಹಾಯಧನವನ್ನು ಕೊನೆಗೊಳಿಸಲಾಗಿದೆ. ಆದ್ದರಿಂದ ಅನಿಲ ಸಂಪರ್ಕವಿಲ್ಲದ ಬಡ ಕುಟುಂಬಗಳ ವಯಸ್ಕ ಮಹಿಳೆಯರು ಉಜ್ವಲಾ ಯೋಜನೆಯ ಹೊಸ ಸಂಪರ್ಕಗಳ ಲಭ್ಯತೆಯ ಬಗ್ಗೆ ಸಮೀಪದ ವಿತರಕರಲ್ಲಿ ವಿಚಾರಿಸುವುದು ಸೂಕ್ತ.

8. ಬಳಕೆಯನ್ನು ಮಿತಿಯೊಳಗೆ ಇಡುವ ಬಗ್ಗೆ

ಕೆಳಗಿನ ಲೆಕ್ಕಗಳು ಅಂದಾಜಿನವು. 30 ದಿನಗಳ ತಿಂಗಳನ್ನು ಆಧರಿಸಿವೆ.

- 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ ಸುಮಾರು 34 ಯೂನಿಟ್. 30 ವ್ಯಾಟ್‌ನ ಹೊಸ ಮಾದರಿಯ (ಬಿಎಲ್‌ಡಿಸಿ) ಫ್ಯಾನ್‌ಗೆ ಸುಮಾರು 14 ಯೂನಿಟ್.
- 180 ವ್ಯಾಟ್‌ನ ಏರ್ ಕೂಲರ್ ದಿನಕ್ಕೆ 10 ಗಂಟೆ ನಡೆದರೆ 54 ಯೂನಿಟ್.
- 2 ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ 1 ಗಂಟೆ ಬಳಸಿದರೆ 60 ಯೂನಿಟ್.
- ಅರ್ಧ ಅಶ್ವಶಕ್ತಿಯ ನೀರಿನ ಮೋಟಾರು ದಿನಕ್ಕೆ 1 ಗಂಟೆ ನಡೆದರೆ ಸುಮಾರು 11 ಯೂನಿಟ್.
- 60 ವ್ಯಾಟ್‌ನ ಹಳೆಯ ಬುರುಡೆ ದಿನಕ್ಕೆ 6 ಗಂಟೆ ಉರಿದರೆ ಸುಮಾರು 11 ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬಿಗೆ 2 ಯೂನಿಟ್‌ಗೂ ಕಡಿಮೆ.

ಜಿಲ್ಲೆಯ ಬೇಸಿಗೆಯಲ್ಲಿ ಫ್ಯಾನ್ ಮತ್ತು ಕೂಲರ್ ಬಳಕೆ ಅನಿವಾರ್ಯ. ಅಂತಹ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಮಾಪಕ ನೋಡಿ ಬರೆದಿಟ್ಟುಕೊಂಡರೆ 200 ಯೂನಿಟ್ ಗಡಿ ಎಷ್ಟು ದೂರದಲ್ಲಿದೆ ಎಂಬುದು ಬಿಲ್ಲು ಬರುವ ಮೊದಲೇ ತಿಳಿಯುತ್ತದೆ.

ಸ್ವಂತ ಮಾಳಿಗೆ ಹೊಂದಿದ್ದು ಪ್ರತಿ ತಿಂಗಳೂ 200 ಯೂನಿಟ್ ಮೀರಿ ಬಳಸುವವರು ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ "ಪಿಎಂ ಸೂರ್ಯಘರ್" ಯೋಜನೆಯನ್ನು ಪರಿಶೀಲಿಸಬಹುದು. ಇದರಲ್ಲಿ 1 ಕಿಲೋವ್ಯಾಟ್‌ನ ಸೌರ ಘಟಕಕ್ಕೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ. ಮತ್ತು 3 ಕಿಲೋವ್ಯಾಟ್ ಹಾಗೂ ಅದಕ್ಕೂ ಮೇಲಿನ ಘಟಕಕ್ಕೆ ಒಟ್ಟು 78,000 ರೂ. ಸಹಾಯಧನ ನಿಗದಿಯಾಗಿದೆ.

9. ಬಿಲ್ಲಿನ ಬಗ್ಗೆ ತಕರಾರು ಇದ್ದಲ್ಲಿ

ಹಂತ 1: 1912 ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯುವುದು ಅಥವಾ ಶಾಖಾ ಕಛೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಕಳೆದ ಕೆಲವು ತಿಂಗಳ ಬಿಲ್ಲುಗಳ ಪ್ರತಿ ಮತ್ತು ಮಾಪಕದ ಭಾವಚಿತ್ರ ಲಗತ್ತಿಸುವುದು ಉಪಯುಕ್ತ.

ಹಂತ 2: ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ವಿದ್ಯುತ್) ಅವರಿಗೆ ಮನವಿ. ಮಾಪಕದ ವೇಗದ ಬಗ್ಗೆ ಸಂಶಯವಿದ್ದಲ್ಲಿ ಪರೀಕ್ಷೆಗೆ ಕೋರಬಹುದು.

ಹಂತ 3: ಕಲಂ 42(5)ರ ಅಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು.

ಹಂತ 4: ವೇದಿಕೆಯ ತೀರ್ಮಾನ ಸಮಾಧಾನ ತರದಿದ್ದಲ್ಲಿ ಕಲಂ 42(6)ರಂತೆ ವಿದ್ಯುತ್ ಒಂಬುಡ್ಸ್‌ಮನ್ ಅವರಿಗೆ ಮೇಲ್ಮನವಿ.

ಸಂಪರ್ಕ ಕಡಿತದ ಬಗ್ಗೆ ಗ್ರಾಹಕರಿಗಿರುವ ರಕ್ಷಣೆ: ಕಲಂ 56ರ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟೀಸು ನೀಡಬೇಕು. ಬಿಲ್ಲಿನ ಬಗ್ಗೆ ವಿವಾದವಿದ್ದಲ್ಲಿ, ಗ್ರಾಹಕರು ಕೇಳಿದ ಮೊತ್ತವನ್ನು ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತವನ್ನು, ಇವೆರಡರಲ್ಲಿ ಕಡಿಮೆ ಇರುವುದನ್ನು, ಆಕ್ಷೇಪಣೆ ಸಹಿತ ಠೇವಣಿ ಇಟ್ಟರೆ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ. ಎರಡು ವರ್ಷಕ್ಕಿಂತ ಹಳೆಯದಾದ ಬಾಕಿಯನ್ನು ಬಿಲ್ಲುಗಳಲ್ಲಿ ನಿರಂತರವಾಗಿ ತೋರಿಸುತ್ತ ಬಂದಿರದಿದ್ದರೆ ಅದನ್ನು ವಸೂಲು ಮಾಡಲು ಅವಕಾಶವಿಲ್ಲ. ದೊಡ್ಡ ಮೊತ್ತದ ಬಿಲ್ಲು ಬಂದಾಗ ಪಾವತಿಸದೆ ಸುಮ್ಮನಿರುವುದಕ್ಕಿಂತ ಈ ಅವಕಾಶವನ್ನು ಬಳಸಿಕೊಳ್ಳುವುದು ಗ್ರಾಹಕರ ಹಿತದಲ್ಲಿದೆ.

ಅಡುಗೆ ಅನಿಲದ ದೂರುಗಳಿಗೆ 1800 2333 555 ಶುಲ್ಕರಹಿತ ಸಂಖ್ಯೆಗೂ, ಅನಿಲ ಸೋರಿಕೆಯಾದಲ್ಲಿ 1906 ಸಂಖ್ಯೆಗೂ ಕರೆ ಮಾಡಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಒಂದು ತಿಂಗಳು 200 ಯೂನಿಟ್ ದಾಟಿದರೆ ಗೃಹಜ್ಯೋತಿ ಶಾಶ್ವತವಾಗಿ ರದ್ದಾಗುತ್ತದೆಯೇ?
ಉ: ಇಲ್ಲ. ಆ ತಿಂಗಳ ಬಿಲ್ಲನ್ನು ಮಾತ್ರ ಪೂರ್ಣವಾಗಿ ಪಾವತಿಸಬೇಕು. ಮುಂದಿನ ತಿಂಗಳ ಬಳಕೆ ಮಿತಿಯೊಳಗೆ ಬಂದರೆ ಸೌಲಭ್ಯ ಮುಂದುವರಿಯುತ್ತದೆ.

ಪ್ರ: ನೆರೆಮನೆಯವರಿಗೆ 150 ಯೂನಿಟ್‌ಗೆ ಶೂನ್ಯ ಬಿಲ್ಲು, ನಮಗೆ 70 ಯೂನಿಟ್‌ಗೆ ಹಣ ಕಟ್ಟಬೇಕಾಗಿದೆ. ಇದು ತಪ್ಪಲ್ಲವೇ?
ಉ: ಪ್ರತಿ ಮನೆಯ ಮಿತಿಯು ಆ ಮನೆಯ 2022-23ರ ಬಳಕೆಯನ್ನು ಅವಲಂಬಿಸಿದೆ. ಆ ವರ್ಷ ಕಡಿಮೆ ಬಳಸಿದವರ ಮಿತಿಯೂ ಕಡಿಮೆ. ಸರಾಸರಿಯ ಲೆಕ್ಕದಲ್ಲಿಯೇ ದೋಷವಿದೆ ಎಂದು ಅನಿಸಿದರೆ ಆ ಸಾಲಿನ ಬಳಕೆಯ ವಿವರವನ್ನು ಉಪವಿಭಾಗ ಕಛೇರಿಯಲ್ಲಿ ಕೇಳಿ ಪಡೆಯಬಹುದು.

ಪ್ರ: ಸಂಪರ್ಕವು ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ. ಏನು ಮಾಡಬೇಕು?
ಉ: ಮರಣ ಪ್ರಮಾಣಪತ್ರ, ವಾರಸುದಾರಿಕೆ ಹಾಗೂ ಮನೆಯ ದಾಖಲೆಗಳೊಂದಿಗೆ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು. ವಿಳಂಬವಾದಷ್ಟೂ ಮುಂದಿನ ಸೇವೆಗಳಿಗೆ ತೊಡಕಾಗುತ್ತದೆ.

ಪ್ರ: ಮನೆಯ ಮುಂಭಾಗದಲ್ಲಿ ಕಿರಾಣಿ ಅಂಗಡಿ ಇದೆ. ಮನೆಯ ಮಾಪಕವೇ ಸಾಕೇ?
ಉ: ಅಂಗಡಿಯು ವಾಣಿಜ್ಯ ಬಳಕೆಯಾಗುವುದರಿಂದ ಅದಕ್ಕೆ ಪ್ರತ್ಯೇಕ ಸಂಪರ್ಕ ಅಗತ್ಯ.

ಪ್ರ: ದರ ಏರಿಕೆಯ ಬಗ್ಗೆ ಸಾಮಾನ್ಯ ಗ್ರಾಹಕರು ಅಭಿಪ್ರಾಯ ತಿಳಿಸಬಹುದೇ?
ಉ: ತಿಳಿಸಬಹುದು. ಕಂಪನಿಯ ದರ ಅರ್ಜಿಯ ಸಾರಾಂಶ ದಿನಪತ್ರಿಕೆಗಳಲ್ಲಿ ಪ್ರಕಟವಾದ ನಂತರ ಪ್ರಕಟಣೆಯಲ್ಲಿ ತಿಳಿಸಿದ ಅವಧಿಯೊಳಗೆ ಯಾವುದೇ ಗ್ರಾಹಕರು ಆಯೋಗಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು ಮತ್ತು ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಬಹುದು. ಇದಕ್ಕೆ ವಕೀಲರ ಅವಶ್ಯಕತೆ ಇಲ್ಲ. ಆದೇಶ ಹೊರಬಿದ್ದ ಮೇಲೆ ಸಲ್ಲಿಸುವ ಮನವಿಗಿಂತ ಈ ಹಂತದ ಆಕ್ಷೇಪಣೆಗೆ ಹೆಚ್ಚಿನ ಮಹತ್ವವಿದೆ.

ಸೂಚನೆ

ಆಧಾರ್ ಜೋಡಣೆ, ಇ-ಕೆವೈಸಿ ಅಥವಾ ಬಾಕಿ ಪಾವತಿಯ ಹೆಸರಿನಲ್ಲಿ ದೂರವಾಣಿಯ ಮೂಲಕ ಗುಪ್ತಸಂಖ್ಯೆ (ಓಟಿಪಿ) ಕೇಳುವವರಿಗೆ ಯಾವುದೇ ಮಾಹಿತಿ ನೀಡಬಾರದು. ಪಾವತಿಸಿದ ಪ್ರತಿ ಮೊತ್ತಕ್ಕೂ ರಸೀದಿ ಪಡೆದು ಇಟ್ಟುಕೊಳ್ಳತಕ್ಕದ್ದು. ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರವಿದ್ದು, ಕಾಯ್ದೆ, ಸರ್ಕಾರಿ ಆದೇಶ ಹಾಗೂ ಆಯೋಗದ ದರ ಆದೇಶಗಳಲ್ಲಿರುವ ಒಕ್ಕಣೆಯೇ ಅಂತಿಮವಾಗಿರುತ್ತದೆ. ನಾಲ್ಕೂ ತಾಲ್ಲೂಕುಗಳ ಅರ್ಹ ಗ್ರಾಹಕರು ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.